ಆಯಿಯ ಲಿಂಗ, ಗೌತಮನ ಮಶೀನು

ರೇಡಿಯೋದ ಮುಳ್ಳು ಎರಡು ಸ್ಟೇಶನ್ನುಗಳ ನಡುವೆ ಸಿಕ್ಕಿಬಿದ್ದಾಗ 'ಕುಂಯ್ಯ್' ಎಂದು ಒಂದು ಸಿಳ್ಳು ಬರುತ್ತದಲ್ಲ, ಅದನ್ನು ಕೇಳಿದರೆ ಬೇರೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಎದೆ ಹೊಡೆದುಕೊಳ್ಳುತ್ತದೆ. ಕಳೆದ ವಾರ ಸೊಲ್ಲಾಪುರದ ಒಂದು ರಿಪೇರಿ ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಕೊಡಲು ನಿಂತಿದ್ದೆ. ಒಳಗೆ ಯಾರೋ ಹಳೆಯ ರೇಡಿಯೋ ತಿರುವುತ್ತಿದ್ದರು. ಸಿಳ್ಳು ಏರಿತು, ಇಳಿಯಿತು, ಮತ್ತೆ ಏರಿತು. ನಾನು ಅಂಗಡಿಯ ಹಲಗೆ ಹಿಡಿದುಕೊಂಡು ನೆಲ ನೋಡತೊಡಗಿದೆ. "ಕಾಯ್ ಝಾಲಂ ತಾಈ, ಕಾಹೀ ಪಡಲಂ ಕಾ?" ಎಂದ ಅಂಗಡಿಯವ. ಏನಾದರೂ ಬಿತ್ತೇ ಅಂತ. ಬಿದ್ದಿದ್ದು ಹೌದು, ಆದರೆ ನಾಲ್ಕು ವರ್ಷದ ಹಿಂದೆ, ಭೀಮೆಯ ಉಸುಕಿನಲ್ಲಿ.

ಅದು ಮೇ ತಿಂಗಳು. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಬರೆದು ನಾನು ಸೊಲ್ಲಾಪುರದಲ್ಲಿ ರಿಸಲ್ಟಿನ ದಾರಿ ಕಾಯುತ್ತಿದ್ದೆ. ಕಾಲೇಜಿನ ಮೂರು ವರ್ಷವೂ ವಾದವಿವಾದ ಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ವೇದಿಕೆಯ ಮೇಲೆ ಮರಾಠಿಯಲ್ಲಿ ವಾದ, ಮನೆಯಲ್ಲಿ ಕನ್ನಡದಲ್ಲಿ ಜಗಳ: ನಮ್ಮ ಕಡೆಯ ಮಕ್ಕಳಿಗೆ ಎರಡೂ ಬರಬೇಕು. ಎರಡರಲ್ಲೂ ನನಗೆ ಒಂದೇ ನಿಯಮ. ಪುರಾವೆ ತೋರಿಸಿ, ಇಲ್ಲದಿದ್ದರೆ ಸುಮ್ಮನಿರಿ. ದೆವ್ವ, ದೃಷ್ಟಿ, ಅಮಾವಾಸ್ಯೆ, ದೇವರು, ಯಾವುದಕ್ಕೂ ರಿಯಾಯಿತಿ ಇರಲಿಲ್ಲ.

ಹೀಗೆ ನಾನು ಅತಿ ಹೆಚ್ಚು ವಾದ ಮಾಡಿದ್ದು ಆಯಿಯ ಜೊತೆ. ಮರಾಠಿಯವರಿಗೆ ಆಯಿ ಅಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಅಕ್ಕಲಕೋಟ ತಾಲೂಕಿನಲ್ಲಿ ಭೀಮೆಯ ದಂಡೆಯ ಊರೊಂದರಲ್ಲಿ ಆಕೆ ನನ್ನ ಸೋದರಮಾವನ ಜೊತೆಗಿದ್ದಳು. ಮಾಮಾ ದಿನಾ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟದ ಕಚೇರಿಗೆ ಹೋಗಿಬರುವ ಕಾರಕೂನ. ಆ ಮಂಗಳವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಫೋನಿಗೆ ಆತನ ದನಿ ಬಂತು.

"ಶೈಲಾ, ಲಗೂ ಬಾ. ನಿಮ್ಮ ಆಯಿ ನಿನ್ನೆಯಿಂದ ಅನ್ನಾ ಬಿಟ್ಟಾಳ."

ಮಧ್ಯಾಹ್ನಕ್ಕೆ ಊರು ಮುಟ್ಟಿದೆ. ಹಿಂದಿನ ದಿನ ಸೋಮವಾರ, ಅಮಾವಾಸ್ಯೆ. ಆಯಿ ನಸುಕಿನಲ್ಲಿ ಹೊಳೆಗೆ ಹೋಗಿ ಮುಳುಗೆದ್ದಾಗ ಕೊರಳಿನ ಶಿವದಾರ ಹರಿದು ಇಷ್ಟಲಿಂಗ ನೀರಿಗೆ ಬಿದ್ದಿತ್ತು. ನಿಂಬೆಹಣ್ಣಿನ ಗಾತ್ರದ ಬೆಳ್ಳಿಯ ಗುಂಡಗಡಿಗೆ, ಅದರೊಳಗೆ ಲಿಂಗ. ದಾರ ಹಳತಾಗಿದೆ, ಬದಲಿಸು ಎಂದು ಮಾಮಾ ಎರಡು ಸಲ ಹೇಳಿದ್ದನಂತೆ. ಲಿಂಗಪೂಜೆ ಮಾಡದೆ ಬಾಯಿಗೆ ತುತ್ತು ಇಡುವುದು ನಮ್ಮ ಹಿರಿಯರಲ್ಲಿ ಇಲ್ಲ. ಕೈಯಲ್ಲಿ ಲಿಂಗವೇ ಇಲ್ಲದ ಮೇಲೆ ಪೂಜೆ ಎಲ್ಲಿಯದು, ಊಟ ಎಲ್ಲಿಯದು? ಆಯಿ ಗೋಡೆಗೆ ಆನಿಕೊಂಡು ಕೂತಿದ್ದಳು. ಬರೀ ನೀರು. ಸಕ್ಕರೆ ಹಾಕಿದರೆ ಅದೂ ಬೇಡ. ವಯಸ್ಸು ಎಪ್ಪತ್ತು ದಾಟಿತ್ತು.

"ಆಯಿ, ಮಠದ ಸ್ವಾಮಿಗಳೇ ಬಂದು ಹೊಸದು ಕೊಡ್ತೀನಿ ಅಂದಾರಂತ. ಯಾಕ ಹಟಾ ಮಾಡ್ತಿ?"

"ಹಳೇದು ಎಲ್ಲೋ ಬಿದ್ದಿರುವಾಗ ಹೊಸಾದು ಹಾಕ್ಕೋಳಾಕ ಅದೇನ್ ಚಪ್ಪಲಿ ಏನಬೇ?"

"ಅದು ಇನ್ನ ಸಿಗಂಗಿಲ್ಲ. ಅಲ್ಲಿ ಇಲ್ಲ."

ಆಯಿಯ ಕಣ್ಣು ತೆರೆಯಿತು. "ಇಲ್ಲ ಅಂತ ಹೆಂಗ ಹೇಳತಿ?"

"ಊರಮಂದಿ ಎಲ್ಲಾ ಹುಡುಕ್ಯಾರ."

"ಪುರಾವಾ ಅಲ್ಲ ಅದು. ದೇವರ ಅದಾನ ಅಂತ ನಾ ಅಂದಾಗ, ಸಾಬೀತ ಮಾಡು ಅಂತಿದ್ದಿ. ಆತು, ನಂಗ ಸಾಲಿ ಬರಂಗಿಲ್ಲ, ನಾ ಮಾಡಲಿಲ್ಲ. ಇದು ಉಸುಕಿನ್ಯಾಗ ಬಿದ್ದ ಸಾಮಾನ. ನೀ ಶಾಣ್ಯಾಕಿ. ಇದನ್ನರ ಇಲ್ಲ ಅಂತ ಸಾಬೀತ ಮಾಡು. ಮಾಡಿದ್ಯೋ, ಹೊಸಾದು ಕಟಗೋತೀನಿ, ನಿನ್ನ ಕೈಲೇ ಉಣತೀನಿ."

ವಾದ ಬಲ್ಲವರಿಗೆ ಗೊತ್ತು, ಇಲ್ಲದ್ದನ್ನು ಇಲ್ಲವೆಂದು ಸಾಧಿಸುವುದು ಎಲ್ಲಕ್ಕಿಂತ ಕೆಟ್ಟ ಪಕ್ಷ. ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಅದು ಬಂದರೆ ಅಳಬೇಕು. ಆದರೆ ಅವಳ ತುಟಿ ಬಿರಿದಿತ್ತು, ಮಾಮಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. "ಮಾಡ್ತೀನಿ" ಎಂದುಬಿಟ್ಟೆ. ಹಾಗೆನ್ನುವಾಗಲೇ ತಲೆಯಲ್ಲಿ ಒಂದು ಮಶೀನು ಸಿಳ್ಳು ಹಾಕತೊಡಗಿತ್ತು.

ಗೌತಮ ನನಗೆ ಪರಿಚಯವಾದದ್ದು ಎದುರಾಳಿಯಾಗಿ. ಬೇರೆ ಕಾಲೇಜಿನವನು. ಒಂದು ಫೈನಲ್ಲಿನಲ್ಲಿ ನನಗೆ ಮಣ್ಣು ಮುಕ್ಕಿಸಿದ, ಅಂದಿನಿಂದ ಗೆಳೆಯ. ಡಿಪ್ಲೊಮಾ ಮುಗಿಸಿ ಸೊಲ್ಲಾಪುರದ ಪಕ್ಕದ ಚಿಂಚೋಳಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಇಲೆಕ್ಟ್ರಿಶಿಯನ್ ಆಗಿದ್ದ. ಅವನದು ದಲಿತ ಬೌದ್ಧ ಮನೆತನ. "ನಮ್ಮ ಮನ್ಯಾಗ ದೇವರ ಖಾತೇನ ಬಂದ್ ಮಾಡೀವಿ" ಎಂದು ನಗುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅವನು ಜೇಬಿನ ರೇಡಿಯೋ ಒಂದನ್ನು ಬಿದಿರಿನ ಕೋಲಿಗೆ ಕಟ್ಟಿ, ಕೋಲಿನ ತುದಿಗೆ ಪ್ಲಾಸ್ಟಿಕ್ ತಾಟಿನ ಸುತ್ತ ತಾಮ್ರದ ತಂತಿ ಸುತ್ತಿ, ಲೋಹ ಹುಡುಕುವ ಮಶೀನು ಮಾಡಿದ್ದ. ಊರಿನ ಎಸ್‌ಟಿಡಿ ಬೂತಿನಿಂದ ಕಾರ್ಖಾನೆಯ ಗೇಟಿಗೆ ಫೋನು ಹಚ್ಚಿದೆ. ಮುದುಕಿ, ಲಿಂಗ, ಉಪವಾಸ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬೆಳ್ಳಿ ಎಷ್ಟು ದಪ್ಪದ?"

ಶಿಫ್ಟು ಅದಲಿಬದಲಿ ಮಾಡಿಕೊಂಡು ಸಂಜೆಯ ಎಸ್.ಟಿ.ಗೆ ಬಂದಿಳಿದ. ಕೋಲನ್ನು ಹಳೆಯ ಪಾಯಜಾಮದಲ್ಲಿ ಸುತ್ತಿದ್ದ. ಕಂಡಕ್ಟರು ಬಂದೂಕು ಅಂದುಕೊಂಡನಂತೆ.

ಬುಧವಾರ ಬೆಳಕು ಹರಿಯುವ ಮೊದಲೇ ದಂಡೆಗೆ ಇಳಿದೆವು. ಆ ಉಸುಕಿನ ಬಗ್ಗೆ ಹೇಳಬೇಕು. ಭೀಮೆ ಅಲ್ಲಿ ಬೇಸಿಗೆಗೆ ಒಂದು ಬದಿಗೆ ಸರಿದು, ಅಗಲವಾದ ಉಸುಕು ಬಿಟ್ಟುಹೋಗುತ್ತಾಳೆ. ಅಮಾವಾಸ್ಯೆಗೆ ಸುತ್ತಲಿನವರು ಬಂದು ಮುಳುಗಿ, ಹೊಳೆವ್ವನಿಗೆ ಚಿಲ್ಲರೆ ಎಸೆಯುತ್ತಾರೆ. ಅವರು ಬೆನ್ನು ತಿರುಗಿಸುವುದೇ ತಡ, ಉಸುಕು ಸೋಸುವವರು ಇಳಿಯುತ್ತಾರೆ. ಏಳೆಂಟು ಹೆಂಗಸರು, ಕೈಯಲ್ಲಿ ಕಬ್ಬಿಣದ ಜರಡಿ, ಸೊಂಟಕ್ಕೆ ಹಗ್ಗ ಕಟ್ಟಿದ ಅಯಸ್ಕಾಂತ. ತಲೆಮಾರುಗಳಿಂದ ಅದೇ ಕೆಲಸ. ಆ ದಂಡೆಯ ಪ್ರತಿ ಹಿಡಿ ಉಸುಕೂ ಅವರ ಕೈಯಲ್ಲಿ ಹತ್ತಾರು ಸಲ ಹಾಯ್ದಿತ್ತು. ಅಂಥ ಜಾಗದಲ್ಲಿ ನಾವು ಹುಡುಕಲು ನಿಂತದ್ದು.

ಆದರೂ ಆ ಮುಂಜಾವಿನ ಖುಷಿ ಏನು ಹೇಳಲಿ! ಸುತಳಿಯಿಂದ ಉಸುಕನ್ನು ಚೌಕ ಚೌಕ ಮಾಡಿದೆವು. ನೋಟಬುಕ್ಕಿನಲ್ಲಿ ಅದೇ ನಕಾಶೆ. ಗೌತಮ ಕೋಲು ಆಡಿಸುವುದು, ನಾನು ಕೆದರುವುದು, ಬರೆಯುವುದು.

"ಕಿವಿ ಇಡು. ಕಬ್ಬಿಣ ಬಂದ್ರ ಸಿಳ್ಳ ಇಳೀತದ. ಬೆಳ್ಳಿ, ಹಿತ್ತಾಳಿ ಬಂದ್ರ ಏರತದ" ಎಂದ.

ಮೊದಲ ಚೌಕದಲ್ಲೇ ಸಿಳ್ಳು ಏರಿತು. ಇಬ್ಬರೂ ಮೊಣಕಾಲೂರಿ ನಾಯಿಗಳ ಹಾಗೆ ಕೆದರಿದೆವು. ಐದು ಪೈಸೆ! ಮುಂದಿನದು ಸೋಡಾ ಬಾಟಲಿಯ ಬಿಲ್ಲೆ. ಆಮೇಲೆ ಹೇರ್‌ಪಿನ್, ಬ್ಲೇಡು, ಕೊಡೆಯ ಕಡ್ಡಿ, ಯಾರದೋ ಒಂಟಿ ಕಾಲುಂಗುರ. ಕಾಲುಂಗುರ ಸಿಕ್ಕಾಗ ನಾನು ಕಿರುಚಿದ್ದಕ್ಕೆ ಆಚೆ ದಂಡೆಯ ಎಮ್ಮೆಗಳು ತಲೆ ಎತ್ತಿದವು. ಪ್ರತಿ ಸಿಳ್ಳಿಗೂ ಎದೆ ಹಾರುತ್ತಿತ್ತು, ಪ್ರತಿ ಸಲವೂ ಕಸ. ಆದರೂ ಮುಂದಿನ ಸಿಳ್ಳಿಗೆ ಮತ್ತೆ ಹಾರುತ್ತಿತ್ತು. ನಂಬಿಕೆ ಎಂದು ನಾನು ಲೇವಡಿ ಮಾಡುತ್ತಿದ್ದುದು ಇದನ್ನೇ ಇರಬಹುದೇ ಎಂಬ ಸಂಶಯ ಬಂತು. ಅದನ್ನು ನೋಟಬುಕ್ಕಿನಲ್ಲಿ ಬರೆಯಲಿಲ್ಲ.

ಸೋಸುವ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಅವರ ಹಿರಿಯಳು ತಂಗೆವ್ವ. ಬಿಸಿಲಿಗೆ ಸುಟ್ಟ ಮುಖ, ಎಲೆಯಡಿಕೆಯ ಬಾಯಿ. ಹತ್ತಿರ ಬಂದಳು.

"ಏನ್ ಹುಡಕಾಕತ್ತೀರಿ ತಂಗಿ?"

"ಏನಿಲ್ಲಬೇ. ಕಾಲೇಜಿನ ಪ್ರಯೋಗ" ಎಂದೆ.

"ಪ್ರಯೋಗಕ್ಕ ನಮ್ಮ ಹೊಳೀನ ಬೇಕಾಗಿತ್ತೇನ್?" ನಗುತ್ತ ಹೋದಳು.

ಗೌತಮ ಹುಬ್ಬೇರಿಸಿದ. "ಸುಳ್ಳ್ಯಾಕ ಹೇಳಿದಿ?"

"ಬೆಳ್ಳಿ ಅದ ಅಂತ ಗೊತ್ತಾದ್ರ ನಮಗಿಂತ ಮೊದಲ ಅವರೇ ಹುಡುಕಿ ಮಾರಿಬಿಡ್ತಾರ."

ಮಧ್ಯಾಹ್ನ ನನಗೆ ಒಂದು ಬೆಳಕು ಹೊಳೆಯಿತು. ಮನೆಗೆ ಓಡಿ, ರಜೆ ಹಾಕಿ ಕೂತಿದ್ದ ಮಾಮಾನನ್ನು ಸಾಕ್ಷಿಯ ಹಾಗೆ ನಿಲ್ಲಿಸಿ ಕೇಳಿದೆ. ಸೋಮವಾರ ನೀರು ಎಲ್ಲಿಯವರೆಗೆ ಇತ್ತು? ಆಗ ಹೊರಬಿತ್ತು. ಭಾನುವಾರ ಮೇಲಿನ ಧರಣದಿಂದ, ಅಂದರೆ ಅಣೆಕಟ್ಟಿನಿಂದ, ನೀರು ಬಿಟ್ಟಿದ್ದರು, ಅಮಾವಾಸ್ಯೆಯ ದಿನ ಹೊಳೆ ಘಾಟಿನ ಕೆಳಗಿನ ಪಾವಟಿಗೆಯನ್ನು, ಕೊನೆಯ ಮೆಟ್ಟಿಲನ್ನು, ಮುಟ್ಟಿತ್ತು, ಮರುದಿನ ಇಳಿದುಹೋಯಿತು. ಊರೆಲ್ಲ ಹುಡುಕಿದ್ದು ಇಂದಿನ ನೀರಿನ ಅಂಚಿನಲ್ಲಿ. ಆಯಿ ಮುಳುಗಿದ್ದು ಅದಕ್ಕಿಂತ ಮೂವತ್ತು ಹೆಜ್ಜೆ ಮೇಲೆ, ಈಗ ಒಣ ಉಸುಕಿರುವಲ್ಲಿ!

ವಾಪಸು ಓಡಿದೆ. ಸುತಳಿ ಕಿತ್ತು ಮೇಲೆ ಕಟ್ಟಿದೆವು. ಕಾಲು ಸುಡುವ ಉಸುಕು, ತಲೆಯ ಮೇಲೆ ಒದ್ದೆ ಟಾವೆಲ್. ಗೌತಮ ಕುಣಿಯುತ್ತಲೇ ಕೋಲು ಆಡಿಸಿದ. ಹತ್ತು ಚೌಕ, ಇಪ್ಪತ್ತು ಚೌಕ. ಒಂದು ಬಿಲ್ಲೆಯೂ ಇಲ್ಲ. ಅಷ್ಟು ಚೊಕ್ಕಟವಾಗಿ ಸೋಸಿಟ್ಟಿದ್ದರು. ಘಾಟಿನ ಗೋಡೆಯ ಬುಡದಲ್ಲಿ ಒಂದು ದೊಡ್ಡ ಕರಿಗಲ್ಲು. ಅದರ ನೆರಳಿನಲ್ಲಿ ಸೋಸುವವರು ಜರಡಿ ಒಟ್ಟಿಡುತ್ತಿದ್ದರು. ನೀರು ಕುಡಿಯಲು ಅಲ್ಲಿಗೆ ಹೋದಾಗ ಗೌತಮನ ಕೋಲು ತಾನೇ ಚೀರಿತು.

"ಜರಡಿ ಅವ ಅಲ್ಲಿ. ಕಬ್ಬಿಣ" ಎಂದೆ. ನಕಾಶೆಯಲ್ಲಿ ಆ ಜಾಗಕ್ಕೆ ಕಾಟು ಹೊಡೆದೆ.

ಸಂಜೆ ಡಂಗುರದವ ಹಲಗೆ ಬಾರಿಸುತ್ತ ಬಂದ. ನಾಳೆ ಮಧ್ಯಾಹ್ನ ಧರಣದ ನೀರು ಬರುತ್ತದೆ, ದಂಡೆಗೆ ದನ ಬಿಡಬೇಡಿ.

ಮನೆಯಲ್ಲಿ ಆಯಿ ಮಲಗಿದ್ದಳು. ಮೂರು ದಿನ ಆಗಿತ್ತು. ಕೈ ಹಿಡಿದೆ, ಚರ್ಮ ಕಾಗದದಂತಿತ್ತು. "ಸಾಬೀತ ಆತೇನಬೇ?" ಎಂದಳು, ಉಸಿರಿಗಿಂತ ಸ್ವಲ್ಪ ದೊಡ್ಡದಾಗಿ. ಇನ್ನು ತಡೆಯಬಾರದು ಅನ್ನಿಸಿತು. ನೋಟಬುಕ್ಕು ಇತ್ತು, ನಕಾಶೆ ಇತ್ತು, ಪ್ರತಿ ಚೌಕಕ್ಕೂ 'ಇಲ್ಲ' ಎಂದು ಬರೆದಿತ್ತು. ಇಷ್ಟು ಅಚ್ಚುಕಟ್ಟಾದ ಪುರಾವೆ ಯಾವ ಸ್ಪರ್ಧೆಯಲ್ಲೂ ನಾನು ಒಯ್ದಿರಲಿಲ್ಲ. ಓದಿ ಹೇಳಿದರೆ ಹೊಸ ಲಿಂಗ, ಊಟ, ಮುಗಿಯಿತು. ಆದರೆ ಗೌತಮ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದ.

"ಓದಬ್ಯಾಡ. ನಿನ್ನ ಪುರಾವಾ ಲಂಗಡಾ ಅದ, ಕುಂಟತದ."

"ಏನ್ ಲಂಗಡಾ?"

"ಜರಡಿ ಕಬ್ಬಿಣದ್ದು. ಸಿಳ್ಳ ಇಳೀಬೇಕಾಗಿತ್ತು. ಕಲ್ಲಿನ ಹತ್ರ ಏರ್ತು. ನನಗೂ ಈಗ ನೆನಪಾತು."

ಏರಿತ್ತು, ಹೌದು. ಚೀರಿದ್ದು ಎಂದರೆ ಏರಿದ್ದೇ. ಕಿವಿಯಿಂದ ಕೇಳಿದ್ದನ್ನು ನಾನು ಬಾಯಿಯಿಂದ ತಳ್ಳಿಹಾಕಿದ್ದೆ.

"ಎರಡನೇದು," ಎಂದ, ಫೈನಲ್ಲಿನ ಅದೇ ದನಿಯಲ್ಲಿ, "ಆ ಉಸುಕಿನ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಗೊತ್ತಿದ್ದವರು ಅಲ್ಲೇ ಕುಂತಿದ್ರು. ಅವರಿಗೆ ಒಂದು ಮಾತು ಕೇಳಲಿಲ್ಲ."

"ಅವರು ಖರೆ ಹೇಳಂಗಿಲ್ಲ."

"ಪುರಾವಾ?"

ಯಾವುದನ್ನೂ ಪರೀಕ್ಷಿಸದೆ ಒಪ್ಪದವಳು, ಬಡ ಹೆಂಗಸರು ಕಳ್ಳರೆಂಬುದನ್ನು ಪರೀಕ್ಷಿಸದೇ ಒಪ್ಪಿದ್ದೆ.

ಗುರುವಾರ ಬೆಳಿಗ್ಗೆ ತಂಗೆವ್ವನಿಗಾಗಿ ಕಲ್ಲಿನ ಹತ್ತಿರ ಕಾದೆವು. ಜರಡಿಗಳನ್ನು ದೂರ ಸರಿಸಿ ಗೌತಮ ಮಶೀನು ಹಿಡಿದ. ಸಿಳ್ಳು ಏರಿತು, ಇನ್ನೂ ಏರಿತು, ಹುಚ್ಚು ಹಿಡಿದಂತೆ ಏರಿತು. ನನ್ನ ಕೈ ತಾನಾಗಿ ಉಸುಕಿಗೆ ಹೋಯಿತು.

"ಏ! ಅಲ್ಲಿ ಕೈ ಹಚ್ಚಬ್ಯಾಡ್ರಿ!" ತಂಗೆವ್ವ ಜರಡಿ ಎಸೆದು ಓಡಿ ಬಂದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ತಂಗೆವ್ವಾ, ನಮ್ಮ ಆಯಿ ಲಿಂಗ ಕಳಕೊಂಡಾಳ. ಅಮಾಸಿ ದಿನಾ. ಅವತ್ತಿಂದ ಉಂಡಿಲ್ಲ" ಎಂದೆ.

ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ನಿನ್ನೆ ಹೇಳಾಕ ಏನಾಗಿತ್ತಬೇ? ಮುದುಕಿನ್ನ ಉಪಾಸ ಕೆಡವಿ ಇಲ್ಲಿ ಬಿಸಲಾಗ ಕುಣದ್ರಿ!"

"ನಿಮಗ ಸಿಕ್ಕದೇನು?"

"ಉಸುಕಿನ್ಯಾಗ ಬಿದ್ದದ್ದು ನಮಗ ಸಿಗದ ಯಾರಿಗೆ ಸಿಗತದ? ರೊಕ್ಕ ಸಿಕ್ರ ನಮ್ಮದು. ಬಂಗಾರ ಸಿಕ್ರ ನಮ್ಮದು. ಲಿಂಗ ಸಿಕ್ರ ಮಾತ್ರ ನಮ್ಮದಲ್ಲ. ಅದು ಒಬ್ಬರ ಕೊರಳಾಗಿಂದು. ಮಾರಂಗಿಲ್ಲ, ಮನಿಗೆ ಒಯ್ಯಂಗಿಲ್ಲ. ಇಲ್ಲೇ ಹುಗದು ಇಡೋದು. ಕಳಕೊಂಡವರು ಬಂದು ಕೇಳಿದ್ರ ಕೊಡೋದು."

"ಮತ್ತ ಊರಾಗ ಹೇಳಬಾರದೇನು?"

"ಹೇಳಿದ್ರ ಬೆಳ್ಳಿ ನಂದು, ಬೆಳ್ಳಿ ನಂದು ಅಂತ ಹತ್ತು ಮಂದಿ ಬರ್ತಾರ. ಕೇಳದವರಿಗೆ ತೋರಸಂಗಿಲ್ಲ. ಕೇಳಿದವರೂ ಗುರ್ತಾ ಹೇಳಬೇಕು." ಕಲ್ಲಿನ ಮೇಲೆ ಕೂತಳು. "ಹೇಳು. ನಿಮ್ಮ ಆಯೀದು ಹೆಂಗದ?"

ಒಳಗೊಳಗೆ ಕೈ ಮುಗಿದೆ. ಇಷ್ಟು ಕಟ್ಟುನಿಟ್ಟಾದ ಪುರಾವೆಯ ನಿಯಮ ನಾನು ಯಾವ ನಿರ್ಣಾಯಕರಲ್ಲೂ ಕಂಡಿರಲಿಲ್ಲ. "ಬೆಳ್ಳೀದು. ನಿಂಬಿಹಣ್ಣಿನಷ್ಟು" ಎಂದೆ.

"ಎಲ್ಲಾವೂ ಅಷ್ಟೇ ಇರತಾವ. ಗುರ್ತಾ?"

ಗುರುತು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಬೆಳ್ಳಿ ನನ್ನ ಕಣ್ಣೆದುರು ಆಯಿಯ ಎದೆಯ ಮೇಲೆ ತೂಗಿತ್ತು. ಅದು ಸುಳ್ಳೆಂದು ನೂರು ಸಲ ವಾದ ಮಾಡಿದ್ದೆ, ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

"ಗೊತ್ತಿಲ್ಲ" ಎಂದೆ.

"ಹಂಗಾದ್ರ ಕೊಡಂಗಿಲ್ಲ."

"ನೀರ ಬರತದ ತಂಗೆವ್ವಾ, ಮಧ್ಯಾಹ್ನಕ್ಕ!"

"ಬರ್ಲಿ. ನಿಂಗ ಕಾಲಿಲ್ಲೇನು? ಓಡು!"

ಓಡಿದೆ. ಘಾಟಿನ ಪಾವಟಿಗೆ, ಹನುಮಪ್ಪನ ಗುಡಿ, ಹಿಟ್ಟಿನ ಗಿರಣಿ, ಚಪ್ಪಲಿ ಎಲ್ಲೋ ಉಳಿಯಿತು. ಬಾಗಿಲಲ್ಲಿ ಮಾಮಾನನ್ನು ತಳ್ಳಿ ಒಳಗೆ ಬಿದ್ದೆ.

"ಆಯಿ! ಹೆಂಗಿತ್ತು? ನಿನ್ನ ಗುಂಡಗಡಗಿ ಮ್ಯಾಲ ಗುರ್ತಾ ಏನಿತ್ತು?"

ಆಯಿ ಮುಖ ತಿರುಗಿಸಿದಳು. ಸೋಲೊಪ್ಪಿಸಲು ಬಂದವಳು ಅಂದುಕೊಂಡಿದ್ದಳೇನೋ. ಪ್ರಶ್ನೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಆ ಬತ್ತಿದ ಮುಖದಲ್ಲಿ ನಗು ಎದ್ದಿತು.

"ಹಿಂದಿನ ಬಾಜೂಕ ಎರಡು ತೆಗ್ಗ ಅವ. ಅಕ್ಕಸಾಲ್ಯಾ ತಿದ್ದತೀನಿ ಅಂದಾ, ನಾ ಒಲ್ಲೆ ಅಂದೆ."

"ಏನ್ ತೆಗ್ಗು?"

"ಹಲ್ಲಿನ ಗುರ್ತಾ. ನೀನ ಕಡದಿದ್ದಿ. ತೊಡಿಮ್ಯಾಲ ಕುಂತು, ಮೊದಲನೇ ಎರಡು ಹಲ್ಲ ಬಂದಾಗ."

ಮತ್ತೆ ಓಡಿದೆ. ಈ ಸಲ ದಾರಿ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಬಿಸಿಲಿಗೆ ಎಂದು ಗೌತಮನಿಗೆ ಹೇಳಿದೆ, ಅವನು ವಾದ ಮಾಡಲಿಲ್ಲ.

ದಂಡೆಗೆ ಬಂದಾಗ ಮೇಲುಹೊಳೆಯ ಕಡೆ ನೀರಿನ ಸದ್ದು ಕೇಳತೊಡಗಿತ್ತು. ಅಂದಾಜಿಗಿಂತ ಮೊದಲೇ ಬರುತ್ತಿತ್ತು. "ಹಿಂದಿನ ಬಾಜೂಕ ಎರಡು ಹಲ್ಲಿನ ಗುರ್ತಾ! ನನ್ನವ!" ಎಂದು ಮೇಲಿನಿಂದಲೇ ಕೂಗಿದೆ. ತಂಗೆವ್ವ ಸೆರಗು ಸಿಕ್ಕಿಸಿ ಉಸುಕು ಬಗೆದಳು. ಗೌತಮನೂ ಬಗೆದ, ನಾನೂ ಬಗೆದೆ. ಒಂದೂವರೆ ಗೇಣು ಕೆಳಗೆ ಹಿತ್ತಾಳೆಯ ಗಡಿಗೆಯ ಬಾಯಿ ಮೇಲೆ ಬಂತು. ತಂಗೆವ್ವ ಮುಚ್ಚಳ ತೆಗೆದಳು.

ಒಳಗೆ ಒಂಬತ್ತು ಇದ್ದವು. ಒಂಬತ್ತು ಕೊರಳಿನವು. ಕೆಲವು ಕಪ್ಪಾಗಿ, ಕೆಲವು ಹಸಿರುಗಟ್ಟಿ. ನಾವಿಬ್ಬರು ನಾಸ್ತಿಕರು ಬಾಯಿ ತೆರೆದು ನೋಡಿದೆವು. ಎಲ್ಲಕ್ಕಿಂತ ಮೇಲೆ ಹರಿದ ಹಳೆಯ ಶಿವದಾರದ್ದು. ತಂಗೆವ್ವ ಅದನ್ನು ಮುಟ್ಟದೆ ಗೌತಮನತ್ತ ಗದ್ದ ಚಾಚಿದಳು. "ತಗೀಯಪ್ಪಾ, ನನ್ನ ಕೈ ಎಲಿ ಅಡಿಕಿದು."

ಗೌತಮ ಚಾಚಿದ ಕೈ ಹಿಂದೆಳೆದ. "ನಾ ಮುಟ್ಟಿದ್ರ ನಿಮ್ಮ ಆಯಿ..."

"ಎಡವಟ್ಟ ಮಾತ ಬಿಡು, ನೀರ ಬಂತು!" ಎಂದೆ.

ಅವನು ಎತ್ತಿ ತಿರುಗಿಸಿದ. ಬೆಳ್ಳಿಯ ಬೆನ್ನ ಮೇಲೆ ಅಕ್ಕಿಕಾಳಿನಷ್ಟು ಎರಡು ತಗ್ಗು, ಪಕ್ಕಪಕ್ಕದಲ್ಲಿ. ತಂಗೆವ್ವ ಬಗ್ಗಿ ನೋಡಿ, ನನ್ನ ಬಾಯಿ ನೋಡಿ, "ಬರೋಬ್ಬರಿ" ಎಂದಳು. ಉಳಿದ ಎಂಟಕ್ಕೆ ಮುಚ್ಚಳ ಹಾಕಿ ಉಸುಕು ಎಳೆದು ತುಳಿದೆವು. ಪಾವಟಿಗೆ ಹತ್ತುವಾಗ ಹಿಂದೆ ನೀರು ಬಂದು ನಮ್ಮ ಸುತಳಿ, ಗೂಟ, 'ಇಲ್ಲ' ಎಂದು ಬರೆದ ಅಷ್ಟೂ ಚೌಕಗಳನ್ನು ಒಂದೇ ಸಲ ನುಂಗಿತು.

ಆಯಿ ಅದನ್ನು ಅಂಗೈಗೆ ತೆಗೆದುಕೊಂಡು ಬೆರಳಿನಿಂದ ಎರಡು ತಗ್ಗು ಹುಡುಕಿ, ಕಣ್ಣಿಗೊತ್ತಿಕೊಂಡಳು.

"ಯಾರ ತಗದರು?"

"ಗೌತಮ" ಎಂದೆ, ಜಗಳಕ್ಕೆ ಸಿದ್ಧಳಾಗಿ.

ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಲ ನೋಡು ಹುಡುಗಂದು, ಹೆಂಗ ಸುಟ್ಟಾವ. ಮಜ್ಜಿಗಿ ಕೊಡ್ರೋ ಅವಗ. ನಂದು ಪೂಜಿ ಆಗೂತನಕ ಯಾಕ ಕಾಯಸ್ತೀರಿ?"

ಜಗಳ ಸಿಗಲಿಲ್ಲ. ಮಾಮಾ ಎತ್ತಿ ಕೂರಿಸಿ, ಮೈ ಮೇಲೆ ನಾಲ್ಕು ತಂಬಿಗೆ ನೀರು ಹಾಕಿಸಿ, ಹೊಸ ದಾರ ಕೊಟ್ಟ. ಪೂಜೆ ಶುರುವಾಯಿತು. ವಿಭೂತಿ, ಪತ್ರಿ, ಎಡ ಅಂಗೈಯಲ್ಲಿ ಲಿಂಗ, ಅರ್ಧ ಮುಚ್ಚಿದ ಕಣ್ಣು. ಮೂರು ದಿನದ ಪೂಜೆ ಬಾಕಿ ಇತ್ತೋ ಏನೋ, ಮುಗಿಯುತ್ತಲೇ ಇರಲಿಲ್ಲ. ಎದುರಿಗೆ ಬಿಸಿ ಅನ್ನ, ಬೇಳೆಯ ಕಟ್ಟು, ನಮಗೆ ರೊಟ್ಟಿ, ಶೇಂಗಾ ಚಟ್ನಿ. ನನ್ನ ಹೊಟ್ಟೆ ಗುಡುಗಿತು.

"ಆಯಿ, ಲಗೂ..."

ಒಂದು ಕಣ್ಣು ತೆರೆಯಿತು. "ಮೂರು ದಿನಾ ನಾ ತಡದೀನಿ. ನೀ ಒಂದು ತಾಸ ತಡಿ."

ತಡೆದೆ. ಕೊನೆಗೆ ಆಕೆ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡಳು. ನಾನು ಮೆತ್ತಗೆ ಕಲೆಸಿದ ಅನ್ನದ ತುತ್ತು ಬಾಯಿಗಿಟ್ಟೆ. ನಿಧಾನವಾಗಿ ಅಗಿದಳು. ನುಂಗಿದಳು. ಕೊರಳು ಏರಿ ಇಳಿದದ್ದನ್ನು ನಾವು ಮೂವರೂ ನೋಡಿದೆವು. ಎರಡನೆಯ ತುತ್ತು. ಮೂರನೆಯದಕ್ಕೆ ಅವಳೇ ತಾಟು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ನನ್ನತ್ತ ಗದ್ದ ಎತ್ತಿದಳು.

"ಹೂಂ, ಈಗ ಮೈಯಾಗ ಶಕ್ತಿ ಬಂತು. ದೇವರ ಇಲ್ಲ ಅಂತಿದ್ಯಲ್ಲ, ಹೇಳು. ಮೊದಲಿಂದ ಶುರು ಮಾಡು."

ನಾನು ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಶುರು ಮಾಡಿದೆ.